ಪೂಜಾಮದ ಮತ್ತು ಜ್ಞಾನಮದ

ಚಲನಚಿತ್ರ ವ್ಯವಸಾಯವನ್ನೂ ತಾರೆಯರ ಮನೋಧರ್ಮವನ್ನೂ ಅಧ್ಯಯನ ಮಾಡುವುದು ವಿದ್ವತ್ತಿಗೆ ತಕ್ಕ ಕಾರ್ಯವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಲಕ್ಷಾಂತರ ಜನರ ಮನಸ್ಸನ್ನಾಳುವ ಶಕ್ತಿಯೊಂದನ್ನು ಪರೀಕ್ಷಿಸದೆ ಬಿಡುವುದು ವಿವೇಕವಲ್ಲ.

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಅವರು ನಿಧನರಾದಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಪ್ರಾಣಹಾನಿಯೂ ಸಂಭವಿಸಿತು. ಇದನ್ನು ಹುಚ್ಚೆಂದು ತಳ್ಳಿಹಾಕುವುದು ಸುಲಭ. ಹೈದರಾಬಾದಿನಲ್ಲಿ ಅಧ್ಯಾಪಕರಾಗಿದ್ದ ಪ್ರೊ. ಎಂ. ಮಾಧವ ಪ್ರಸಾದ್ ಅವರು ಅಂಥ ಸುಲಭದ ದಾರಿಯನ್ನು ಹಿಡಿಯಲಿಲ್ಲ. 2014ರಲ್ಲಿ ಪ್ರಕಟವಾದ ‘ಸಿನಿ-ಪಾಲಿಟಿಕ್ಸ್’ ಗ್ರಂಥದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್. ಮತ್ತು ರಾಜ್‌ಕುಮಾರ್ ಅವರ ತಾರಾಪದವಿಯನ್ನು ಭಾಷಿಕ ಸಮುದಾಯಗಳ ರಾಜಕೀಯ ಬದುಕಿನೊಡನೆ ಜೋಡಿಸಿ ವಿವೇಚಿಸಿದರು. ಅಭಿಮಾನವು ಬರಿಯ ಮೌಢ್ಯವಲ್ಲ, ಅದಕ್ಕೂ ಕಾರಣಗಳುಂಟು ಎಂಬುದು ಇದರಿಂದ ತಿಳಿಯುತ್ತದೆ. ಕಾರಣವನ್ನರಿಯುವುದೆಂದರೆ ಹಿಂಸೆಯನ್ನು ಮನ್ನಿಸುವುದಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಪೂಜಾಮದವೂ ಉಂಟು, ಜ್ಞಾನಮದವೂ ಉಂಟು. ಮೊದಲನೆಯದು ತಾರೆಯನ್ನು ಕಾಡುವಂಥದು. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನೇ ದೇವರೆಂದು ಕರೆಯುತ್ತಿದ್ದರು. ಪೂಜೆ ಪಡೆದವನು ಪೂಜಿಸಿದವನಿಗೆ ಕೈಮುಗಿಯುವುದು ಆ ಮದಕ್ಕೆ ಒಂದು ಮದ್ದು. ಎರಡನೆಯದು ತಾರೆಯನ್ನು ಅಭ್ಯಸಿಸುವ ವಿದ್ವಾಂಸನನ್ನು ಕಾಡುವಂಥದು. ಅಭಿಮಾನಿಯನ್ನು ಕೇವಲ ಪರೀಕ್ಷಾವಸ್ತುವೆಂದು ನೋಡಿದೊಡನೆ ಅದು ತಲೆಯೆತ್ತುತ್ತದೆ. ಜನರು ತೊರೆದರೆ ಪೂಜಾಮದ ಇಳಿಯಬಹುದು. ಜ್ಞಾನಮದಕ್ಕಾದರೋ ಜನರೇ ಬೇಕಿಲ್ಲ. ಏಕಾಂತದಲ್ಲಿಯೂ ಅದು ಬೆಳೆಯುತ್ತದೆ. ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ.

ನಮ್ಮ ಕುಂದಗೋಳದ ರಾಮಭಾವು ಅವರು ಮರಾಠಿ ರಂಗಭೂಮಿಯಲ್ಲಿ ಖ್ಯಾತಿಯ ಶಿಖರವನ್ನೇರಿ ಸವಾಯಿ ಗಂಧರ್ವರೆನಿಸಿದರು. ಮುಂದೆ ಅವರೇ ಊರಿನಲ್ಲಿ ಗುರುವಾಗಿ ಕುಳಿತು ಭೀಮಸೇನ ಜೋಶಿಯವರಿಗೂ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ ಅವರಿಗೂ ವಿದ್ಯೆಯನ್ನು ಧಾರೆಯೆರೆದರು. ಚಪ್ಪಾಳೆ ಅಡಗಿದ ಮೇಲೂ ಉಳಿದದ್ದು ಆ ದಾನವೇ.

ನಾಳೆ ಕುಬಿಹಾಳದ ವಿದ್ಯಾರ್ಥಿಯೊಬ್ಬನು ಈ ವಿಷಯದಲ್ಲಿ ಸಂಶೋಧನೆಗೆ ತೊಡಗಲಿ. ಆದರೆ ಗೋಡೆಗೆ ನಟನ ಚಿತ್ರ ತೂಗುಹಾಕಿದ ನೆರೆಮನೆಯ ತರುಣನ ಕುರಿತು ಬರೆಯುವ ಮುನ್ನ, ವಿಚಾರಸಂಕಿರಣದಲ್ಲಿ ತಾನು ನಿರೀಕ್ಷಿಸುವ ಚಪ್ಪಾಳೆ ಯಾವ ಜಾತಿಯದೆಂದು ಒಮ್ಮೆ ತನ್ನನ್ನೇ ಕೇಳಿಕೊಳ್ಳಲಿ. ಆ ಆತ್ಮಪರೀಕ್ಷೆಯೇ ಇಂಥ ವಿದ್ಯೆಯ ಮೊದಲ ಪಾಠ.