ಮಣ್ಣು ಮೆತ್ತಿದ ಕೈ

ಗರಡಿಯಲ್ಲಿ ಚಿತ್ ಎಂದರೆ ಬೆನ್ನು ಮಣ್ಣಿಗೆ ತಾಗುವುದು. ಮಠದಲ್ಲಿ ಚಿತ್ ಎಂದರೆ ಅರಿವು. ನಮ್ಮ ಪಿರಿಯಾಪಟ್ಟಣದ ಕಡೆಯ ಹಳೇ ಪೈಲ್ವಾನರನ್ನು ಕೇಳಿದರೆ, ಮೊದಲನೆಯದು ಆಗದವನಿಗೆ ಎರಡನೆಯದು ಆಗೋದಿಲ್ಲ ಅಂದಾರು.

*

ಫ್ರಾಂಕ್ ಜುಹಾನ್ ಅಮೆರಿಕದ ಸಿವಾನೀ ಕಾಲೇಜು ತಂಡದ ಫುಟ್‌ಬಾಲ್ ಹುಲಿ. 1924ರಲ್ಲಿ ಎಪಿಸ್ಕೋಪಲ್ ಚರ್ಚಿನ ಫ್ಲಾರಿಡಾ ಬಿಷಪ್. ಅಲ್ಲಿಯ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಅವರ ಜಾಗ ಸೆಂಟರ್. ಸೆಂಟರ್ ಆದವನು ಬಗ್ಗಿ, ಚೆಂಡನ್ನು ತನ್ನ ಕಾಲ ಸಂದಿಯಿಂದ ಹಿಂದಿನವನಿಗೆ ದಾಟಿಸಬೇಕು. ದಾಟಿಸಿದ ಗಳಿಗೆಯಲ್ಲೇ ಎದುರಿನವನ ಗುದ್ದು ತಿನ್ನಬೇಕು. ಓಡಿ ಹೆಸರು ಮಾಡುವವನು ಬೇರೆ. ಗುರುಪೀಠಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ತೋಚದು.

*

ಪೀಠ ಬಿಟ್ಟು ಹತ್ತು ವರ್ಷವಾದ ಮೇಲೆ, 1966ರಲ್ಲಿ, ಕಾಲೇಜು ಫುಟ್‌ಬಾಲಿನವರು ಜುಹಾನರನ್ನು ತಮ್ಮ ಕೀರ್ತಿಮಂದಿರಕ್ಕೆ ಸೇರಿಸಿಕೊಂಡರು. ಬಿಟ್ಟ ಆಟ ಹೀಗೂ ಹಿಂದಿರುಗುತ್ತದೆ. ಹೆಚ್ಚಾಗಿ ಮಳೆಗಾಲದಲ್ಲಿ, ಮಂಡಿಗೆ.

*

ನಮ್ಮಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಬಾರ್ಕೂರಿನಲ್ಲಿ ಹುಟ್ಟಿ, ಬರೋಡಾದ ಮಾಣಿಕ್‌ರಾಯರ ಬಳಿ ಅಂಗಸಾಧನೆ ಕಲಿತು, ಊರೂರಿನ ಹುಡುಗರಿಗೆ ವ್ಯಾಯಾಮ, ಯೋಗ ಹೇಳಿಕೊಟ್ಟವರು. 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದರು. ಇಟ್ಟುಕೊಂಡ ಕಾವ್ಯನಾಮ ತಿರುಕ. ಪೈಲ್ವಾನನಿಗೆ ಬೀಳಿಸುವುದು ಗೊತ್ತು, ಬಿದ್ದು ಏಳುವುದೂ ಗೊತ್ತು. ಬೇಡುವುದು? ಸಾಮು ಮಾಡಿದ ತೋಳಿಗೆ ಜೋಳಿಗೆ ಹಾಕಿಕೊಂಡು ಪರರ ಬಾಗಿಲಲ್ಲಿ ನಿಲ್ಲುವ ಪಟ್ಟನ್ನು ಯಾವ ಉಸ್ತಾದನೂ ಹೇಳಿಕೊಡುವುದಿಲ್ಲ. ಅದೂ ಯಾರದೋ ಮಕ್ಕಳ ಊಟಕ್ಕೆ.

*

ತನ್ನ ಹೊಟ್ಟೆಗೆ ಬೇಡುವವನ ಕೈ ನಡುಗುತ್ತದೆ. ಊರ ಹೊಟ್ಟೆಗೆ ಬೇಡುವವನ ಮುಂದೆ ಕೊಡುವವನ ಕೈ ನಡುಗುತ್ತದೆ.

*

ಇಂಗ್ಲೆಂಡಿನ ಡೇವಿಡ್ ಶೆಪರ್ಡ್ 1955ರಲ್ಲಿ ಪಾದ್ರಿಯಾದರು. ಮರುವರ್ಷ ಆಸ್ಟ್ರೇಲಿಯಾದ ಮೇಲೆ ಟೆಸ್ಟ್ ಶತಕ. ಮುಂದೆ ಲಿವರ್‌ಪೂಲಿನ ಬಿಷಪ್. ನಡುವೆ ಒಂದು ಪ್ರವಾಸದಲ್ಲಿ ಸುಲಭದ ಕ್ಯಾಚುಗಳನ್ನು ಕೈಚೆಲ್ಲಿದಾಗ, ಪ್ರಾರ್ಥನೆಗೆ ಕೂಡುವ ಕೈ ಚೆಂಡಿಗೇಕೆ ಕೂಡದು ಎಂದು ಜೊತೆಗಾರರು ಕಿಚಾಯಿಸಿದರಂತೆ. ಕ್ಯಾಚ್ ಬಿಟ್ಟ ಗುರುವಿನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭವಿದ್ದೀತು.

*

ಕುಸ್ತಿ ಮುಗಿದ ಮೇಲೆ ಗೆದ್ದವನೇ ಸೋತವನ ಬೆನ್ನಿನ ಮಣ್ಣು ಒರೆಸುವುದನ್ನು ನೋಡಿದ್ದೇನೆ. ಕೆಲವರ ದೀಕ್ಷೆ ಅಲ್ಲೇ ಮುಗಿದಿರುತ್ತದೆ.

*

ಬೈಲಕುಪ್ಪೆಯಲ್ಲಿ ಸಂಜೆ. ಪಾಠ ಬಿಟ್ಟ ಮರಿ ಲಾಮಾಗಳು ಕಡುಗೆಂಪು ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ಚೆಂಡು ಒದೆಯುತ್ತಾರೆ. ಗೋಲು ಕಂಬಕ್ಕೆ ಎರಡು ಜೊತೆ ಚಪ್ಪಲಿ. ಚೆಂಡು ಮುಸುಕಿನ ಜೋಳದ ಹೊಲಕ್ಕೆ ನುಗ್ಗಿತು. ಹಿಂದೆಯೇ ಒಬ್ಬ ನುಗ್ಗಿದ. ಉಳಿದವರು ಬದುವಿನ ಮೇಲೆ ಬರಿಗಾಲಲ್ಲಿ ನಿಂತು ಟಿಬೆಟಿಯಲ್ಲಿ ಕೂಗಿದರು. ಪಕ್ಕದ ಹೊಲದವರ ಹುಡುಗ ಕನ್ನಡದಲ್ಲಿ ಕೂಗಿದ: "ಸಿಕ್ತಾ?"