ಕ್ಯಾಮೆರಾ ಹಿಡಿದವರ ಅಹಿಂಸೆ

ಬಂದೂಕು ಕೆಳಗಿಟ್ಟು ಕ್ಯಾಮೆರಾ ಹಿಡಿದವನು ಅಹಿಂಸಾವಾದಿಯೆಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಗೆ ಆಧಾರವೂ ಉಂಟು. ಪಕ್ಷಿಶಾಸ್ತ್ರದಲ್ಲಿ ನಾವು ಹಿರಿಯರೆಂದು ಗೌರವಿಸುವ ಸಲೀಂ ಅಲಿಯವರೇ ನಮ್ಮ ಈ ಮುಂಬಯಿಯಲ್ಲಿ ಬಾಲಕರಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದು, ಅದರ ಕುತ್ತಿಗೆಯ ಹಳದಿ ಮಚ್ಚೆ ಕಂಡು ಬೆರಗಾಗಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದವರು. ಆ ಕಾಲದಲ್ಲಿ ಹಕ್ಕಿಯನ್ನು ಅರಿಯುವುದೆಂದರೆ ಬಹುಮಟ್ಟಿಗೆ ಅದನ್ನು ಕೊಂದು, ಚರ್ಮ ಸುಲಿದು, ಹತ್ತಿ ತುಂಬಿ ಇಡುವುದೇ ಆಗಿತ್ತು. ಬಿ.ಎಸ್ಸಿ. ತರಗತಿಯಲ್ಲಿ ಕಪ್ಪೆ ಕುಯ್ದ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅದಕ್ಕೆ ಹೋಲಿಸಿದರೆ ಕ್ಯಾಮೆರಾ ಬಲು ಸಾಧು.

ಆದರೂ ನಮ್ಮ ಮಾತೇ ನಮ್ಮನ್ನು ಬಿಟ್ಟುಕೊಡುತ್ತದೆ. ಫೋಟೋವನ್ನು ನಾವು ‘ತೆಗೆಯುತ್ತೇವೆ’, ಆಡುಮಾತಿನಲ್ಲಿ ‘ಹೊಡೆಯುತ್ತೇವೆ’. ಯಾರಿಂದ ತೆಗೆಯುತ್ತೇವೆ, ಯಾರಿಗೆ ಹೊಡೆಯುತ್ತೇವೆ?

ರಜೆಗೆ ಊರಿಗೆ ಹೋದಾಗ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಮಕ್ಕಳನ್ನು ಕರೆದೊಯ್ಯದವರು ನಮ್ಮಲ್ಲಿ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ಈ ತಿಟ್ಟುಗಳನ್ನು ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರ ಸರಕಾರ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಠಾಣೆ ಖಾಡಿಯೂ ಅದೇ ವರ್ಷ ಸೇರಿತೆಂಬುದು ಮುಂಬಯಿಗರಿಗೆ ಸಂತೋಷದ ವಿಷಯ. ದೋಣಿ ತಿಟ್ಟಿನ ಬದಿಯಲ್ಲಿ ಸಾಗುವಾಗ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಹಾವಕ್ಕಿ ಎಲ್ಲವೂ ಕೈಗೆಟಕುವಷ್ಟು ಹತ್ತಿರವೆನಿಸುತ್ತವೆ. ಆಗ ದೋಣಿಯಲ್ಲಿ ಒಂದು ದನಿ ಏಳುತ್ತದೆ: “ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ!”

ಈ ‘ಇನ್ನೂ ಸ್ವಲ್ಪ’ದ ಬೆಲೆಯೆಷ್ಟು? ಬೇಸಿಗೆಯಲ್ಲಿ ನದಿಯ ನಡುವಿನ ಬಂಡೆಯ ಮೇಲೆ ರೀವ ಎಂಬ ಹಕ್ಕಿ ಮೊಟ್ಟೆಯಿಡುತ್ತದೆ. ಗೂಡೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮರಳಿನಲ್ಲೋ ಕಲ್ಲಿನ ಸಂದಿಯಲ್ಲೋ ಒಂದು ತಗ್ಗು, ಅಷ್ಟೆ. ನಡುಮಧ್ಯಾಹ್ನ ಆ ಹಕ್ಕಿ ಮೊಟ್ಟೆಯ ಮೇಲೆ ಕುಳಿತಿರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಅದು ಬೆದರಿ ಎದ್ದಿತೆಂದರೆ ಕೆಳಗೆ ಕಾದ ಕಲ್ಲು, ಮೇಲೆ ಸೂರ್ಯ, ಪಕ್ಕದ ಮರದಲ್ಲಿ ಕಾಗೆ. ಮರದ ಮೇಲಿನ ಕೊಕ್ಕರೆಯ ಪಾಡೂ ಇದೇ. ರೆಕ್ಕೆ ಅಗಲಿಸಿ ಕೊಡೆಯಂತೆ ಮರಿಗಳಿಗೆ ನೆರಳು ಮಾಡಿ ನಿಂತ ಬಣ್ಣದ ಕೊಕ್ಕರೆಯನ್ನು ಓದುಗರು ಕಂಡಿರಬಹುದು. ಇನ್ನು ಪ್ರದರ್ಶನಗಳಲ್ಲಿ ಬಹಳ ಮೆಚ್ಚುಗೆ ಪಡೆಯುವ ಚಿತ್ರ ಯಾವುದು? ಹಕ್ಕಿಗಳ ಹಿಂಡಿಗೆ ಹಿಂಡೇ ಆಕಾಶಕ್ಕೆದ್ದ ಚಿತ್ರ. ಅವು ತಾವಾಗಿ ಎದ್ದವೋ, ನಮ್ಮನ್ನು ಕಂಡು ಎದ್ದವೋ, ಚಿತ್ರ ಹೇಳುವುದಿಲ್ಲ.

ಕಾನೂನಿಗೆ ಇದು ತಿಳಿಯದ ಸಂಗತಿಯಲ್ಲ. ಕಡತಗಳ ನಡುವೆ ಬಾಳುವ ನಮಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದು ವ್ಯಾಖ್ಯೆ ಬಹಳ ಹಿಡಿಸಿತು. ಅಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ; ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ಅದೇ ಕಾಯಿದೆ ಅಭಯಾರಣ್ಯ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನೂ ಸೇರಿಸಿದೆ. ಇವೆರಡರ ನಡುವಿನ ಗೆರೆಯನ್ನು ದೋಣಿಯಲ್ಲಿ ಕುಳಿತವರೇ ಎಳೆದುಕೊಳ್ಳಬೇಕು.

ಹಕ್ಕಿಗಳಿಗೆ ದೋಣಿ ಅಭ್ಯಾಸವಾಗಿದೆಯಲ್ಲ ಎಂದು ಮಿತ್ರರು ವಾದಿಸುತ್ತಾರೆ. ನಿಜ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅವು ಮನೆಯ ಹಿತ್ತಲಿನ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ. ಆದರೆ ಆ ಊರಿನವರು ಹಕ್ಕಿಗಳನ್ನು ಅವುಗಳ ಪಾಡಿಗೆ ಬಿಟ್ಟವರು. ಅಭ್ಯಾಸವಾಗಿರುವುದು ದಿನನಿತ್ಯದ ದಾರಿಗೆ. ದಾರಿ ಬಿಟ್ಟು ಗೂಡಿನತ್ತ ತಿರುಗಿದ ದೋಣಿಗಲ್ಲ. ಲೋಕಲ್ ರೈಲಿನ ನೂಕುನುಗ್ಗಲಿಗೆ ನಾವೂ ಒಗ್ಗಿದ್ದೇವೆ; ಹಾಗೆಂದು ಯಾರಾದರೂ ನಮ್ಮ ಬಾಗಿಲು ತಳ್ಳಿ ಅಡುಗೆಮನೆಗೆ ನುಗ್ಗಬಹುದೇ?

ಹಾಗಾದರೆ ಕ್ಯಾಮೆರಾ ಬೇಡವೆ? ಅಷ್ಟು ದೂರ ನಾವು ಹೋಗಲಾರೆವು. ಎರಡು ಕೋಣೆಯ ಬ್ಲಾಕಿನಲ್ಲಿ ಬೆಳೆಯುವ ಮಗುವಿಗೆ ಚಮಚದ ಕೊಕ್ಕಿನ ಪರಿಚಯವಾಗುವುದು ಚಿತ್ರದಿಂದಲೇ. ನಮ್ಮ ತಕರಾರು ಲೆಕ್ಕವಿಲ್ಲದ ಚಿತ್ರಗಳ ಬಗ್ಗೆ. ನಮ್ಮ ತಂದೆಯವರ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ತೊಳೆಸಲು, ಪ್ರಿಂಟು ಹಾಕಿಸಲು ಬೇರೆ ದುಡ್ಡು. ಜಿಪುಣತನವೇ ಆಗ ಸಂಯಮದ ಕೆಲಸ ಮಾಡುತ್ತಿತ್ತು. ಈಗ ಗುಂಡಿ ಒತ್ತಿದಷ್ಟೂ ಪುಕ್ಕಟೆ. ಸಾವಿರ ಚಿತ್ರ ತಂದು, ಮನೆಯಲ್ಲಿ ಒಂಬೈನೂರನ್ನು ಅಳಿಸುತ್ತೇವೆ. ಅಳಿಸಿದ ಚಿತ್ರಕ್ಕಾಗಿಯೂ ಹಕ್ಕಿ ಎದ್ದದ್ದು ಎದ್ದದ್ದೇ.

ಕೊನೆಗೆ ಅಂಬಿಗನ ಮಾತು. ಹತ್ತಿರ ಹೋಗೆಂದವರು ನಾವು, ಹುಟ್ಟು ಹಾಕಿದವನು ಅವನು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಟಿಪ್ಪಣಿ ನಮ್ಮದು, ಸಹಿ ಅವನದು; ವಿಚಾರಣೆ ಬಂದರೆ ಸಿಕ್ಕಿಬೀಳುವವನೂ ಅವನೇ. ಬೇಡವೆಂದರೆ ಗಿರಾಕಿಗೆ ಕೋಪ, ಹೂಂ ಎಂದರೆ ಹಕ್ಕಿಗೆ ಕೇಡು. ಯಾವ ಬಂಡೆಯಲ್ಲಿ ಮೊಟ್ಟೆಯಿದೆಯೆಂದು ಬಲ್ಲ ಅಂಬಿಗ ಅದನ್ನು ಬಾಯಿಬಿಟ್ಟು ಹೇಳದೆ, ಮೊಸಳೆ ತೋರಿಸುವ ನೆಪದಲ್ಲಿ ದೋಣಿಯನ್ನು ಆಚೆಯಿಂದ ಒಯ್ದರೆ, ಟಿಕೇಟು ಕೊಂಡ ನಮಗೆ ಅವನು ಮೋಸ ಮಾಡಿದಂತಾಯಿತೆ? ಇಲ್ಲವೆಂದೇ ನಮ್ಮ ಎಣಿಕೆ. ಟಿಕೇಟಿನಲ್ಲಿ ನಾವು ಕೊಂಡದ್ದು ದೋಣಿಯ ಒಂದು ಸುತ್ತನ್ನು.