ಹಂಗಾಮಿನ ಊಳಿಗ

ಉಪ್ಪಿನ ಋಣವನ್ನು ನಾವು ಸಾಮಾನ್ಯವಾಗಿ ಆಳಿನ ತಲೆಗೇ ಕಟ್ಟುತ್ತೇವೆ. ಧಣಿಯ ಕಡೆಗೂ ಅಂಥದೊಂದು ಋಣವುಂಟೆ? ಹಂಗಾಮಿಗೆಂದು ಕರೆಸಿಕೊಂಡವನಿಗೆ ಸಂಬಳ ಚುಕ್ತವಾದ ಮೇಲೆ ಸಲ್ಲಿಸಬೇಕಾದುದೇನಾದರೂ ಉಳಿಯುವುದೆ? ಈ ಪ್ರಶ್ನೆ ಗದ್ದೆಯ ಬದುವಿನಲ್ಲಿಯೂ ಏಳತಕ್ಕದ್ದೇ. ಆದರೆ ಸ್ವಿಟ್ಸರ್ಲೆಂಡಿನಲ್ಲಿ ಅದು ಕಾನೂನಿನ ರೂಪವನ್ನೇ ತಾಳಿದ್ದುದರಿಂದ, ಅಲ್ಲಿಯ ಹಿಮದ ಊರುಗಳನ್ನು ಹಿಡಿದು ವಿಚಾರಿಸುವುದು ಲೇಸು.

ಸೇಂಟ್ ಮೊರಿಟ್ಸ್, ದಾವೋಸ್, ಜರ್ಮಾಟ್ ಮೊದಲಾದ ಊರುಗಳಿಗೆ ಜನರು ಕಾಲಿಗೆ ಹಲಗೆಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟಕ್ಕಾಗಿ ಬರುತ್ತಾರೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಸಂದಣಿ. ಆಮೇಲೆ ಹಲವು ಹೋಟೆಲುಗಳು ಬಾಗಿಲಿಕ್ಕುತ್ತವೆ. ಆದುದರಿಂದ ಅಡಿಗೆಯವರು, ಪಾತ್ರೆ ತೊಳೆಯುವವರು, ಹಾಸಿಗೆ ಹಾಸುವವರು, ತಂತಿಯ ತೊಟ್ಟಿಲುಗಳನ್ನು ನಡೆಯಿಸುವವರು, ಇವರಲ್ಲಿ ಅನೇಕರು ಆ ನಾಲ್ಕೈದು ತಿಂಗಳಿಗೆ ಮಾತ್ರ ಬೇಕಾದವರು. ಕೆಲಸವನ್ನರಸುವವನು ಹಿಮ ಬೀಳುವುದಕ್ಕೆ ಬಹು ಮುಂಚಿತವಾಗಿಯೇ ಬರೆದುಕೊಳ್ಳಬೇಕು. ಸಂಬಳಕ್ಕಿಂತ ಮೊದಲು ಮಲಗುವ ಸ್ಥಳವನ್ನು ಕೇಳಬೇಕು. ಅತಿಥಿಗಳ ಊರಿನಲ್ಲಿ ಬಾಡಿಗೆಯ ಕೋಣೆ ಆಳಿನ ಕೈಗೆಟುಕುವುದು ಕಷ್ಟ. ಜರ್ಮಾಟಿನಲ್ಲಿ ದುಡಿಯುವವರು ಎಷ್ಟೋ ಮಂದಿ ಕೆಳಗಿನ ಟೇಷ್ ಎಂಬ ಹಳ್ಳಿಯಲ್ಲಿದ್ದು ರೈಲಿನಲ್ಲಿ ಬಂದುಹೋಗುತ್ತಾರೆ. ಧಣಿಯೇ ಕೋಣೆ ಕೊಟ್ಟರೆ ಅನುಕೂಲವೇನೋ ಸರಿ; ಆದರೆ ಕೆಲಸ ತಪ್ಪಿದರೆ ಹಾಸಿಗೆಯೂ ತಪ್ಪುವ ಭಯವಿದ್ದೇ ಇರುತ್ತದೆ. ಹೀಗಿರುವವನು ಧಣಿಗೆ ಸರಿಸಮನಾಗಿ ನಿಂತು ಕರಾರು ಮಾಡಿದನೆಂಬ ಮಾತು ಅರ್ಧ ಸತ್ಯ.

ಹಿಂದಿನ ಕಟ್ಟಳೆ ಇದಕ್ಕಿಂತ ಕಠಿಣವಾಗಿತ್ತು. 1934ರಿಂದ 2002ರವರೆಗೆ ನಡೆದ ಆ ವ್ಯವಸ್ಥೆಯಲ್ಲಿ ಹಂಗಾಮಿನ ಪರದೇಶೀಯನು ವರ್ಷಕ್ಕೆ ಹೆಚ್ಚೆಂದರೆ 9 ತಿಂಗಳು ಇರಬಹುದಾಗಿತ್ತು. ನಡುವೆ ಧಣಿಯನ್ನು ಬದಲಾಯಿಸಕೂಡದು. ಹೆಂಡಿರು ಮಕ್ಕಳನ್ನು ಕರೆತರಕೂಡದು. ಹೋಟೆಲುಗಳಿಗೂ ಕಟ್ಟಡದ ಕೆಲಸಕ್ಕೂ ಇಟಲಿ, ಸ್ಪೇಯಿನ್, ಪೋರ್ಚುಗಲ್, ಯುಗೊಸ್ಲಾವಿಯಗಳಿಂದ ಬಂದವರು ವರುಷ ವರುಷವೂ ಹೀಗೆ ಬಂದು ಹೋದರು. ಅಗಲಿಕೆಯನ್ನು ತಾಳಲಾರದೆ ಮಕ್ಕಳನ್ನು ಗುಟ್ಟಾಗಿ ಕರೆತಂದವರೂ ಉಂಟು. ತಾಯಿತಂದೆಗಳು ಕೆಲಸಕ್ಕೆ ಹೋದಾಗ ಆ ಮಕ್ಕಳು ಮುಚ್ಚಿದ ಕೋಣೆಯೊಳಗೆ, ನೆರೆಯವರಿಗೆ ಸದ್ದು ಕೇಳಿಸೀತೆಂದು ಆಡದೆ, ಓಡದೆ ಕುಳಿತಿರಬೇಕು. ಬೀರುವಿನ ಮಕ್ಕಳೆಂದೇ ಅವರಿಗೆ ಹೆಸರಾಯಿತು.

‘ಅವರು ತಾವಾಗಿ ಬಂದವರಲ್ಲವೆ? ಸ್ವಂತ ಊರಿನಲ್ಲಿ ಇಷ್ಟೂ ದೊರೆಯುತ್ತಿರಲಿಲ್ಲವಲ್ಲ?’ ಎನ್ನುವವರುಂಟು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆ ಹಣದಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿರಬೇಕು. ಆದರೆ ತಂದೆ ಒಪ್ಪಿದನೆಂದ ಮಾತ್ರಕ್ಕೆ ಬೀರುವಿನ ಮಗು ಯಾವ ಕರಾರಿಗೆ ರುಜು ಹಾಕಿದಂತಾಯಿತು? ಮತ್ತೊಂದು ಸಂಗತಿ. ಒಂದು ಚಳಿಗಾಲಕ್ಕೆಂದು ಕರೆದವನನ್ನು ಹತ್ತನೆಯ ಚಳಿಗಾಲಕ್ಕೂ ಕರೆದರೆ, ‘ಇವನು ತಾತ್ಕಾಲಿಕನು’ ಎಂದು ಹೇಳುವ ಹಕ್ಕು ಧಣಿಗೆ ಉಳಿಯುವುದೆ? ಕೈಗಳು ಮಾತ್ರ ಬೇಕು, ಅವುಗಳ ಹಿಂದಿರುವ ಸಂಸಾರ ಬೇಡವೆಂಬ ಈ ಲೆಕ್ಕವನ್ನು ನಾನು ಒಪ್ಪಲಾರೆ.

ಐರೋಪ್ಯ ಒಕ್ಕೂಟದೊಡನೆ ಆದ ಒಪ್ಪಂದವು 2002ರಲ್ಲಿ ಜಾರಿಗೆ ಬಂದಮೇಲೆ ಆ ಕಟ್ಟಳೆ ತೊಲಗಿತು. ಸಂಬಳದ ಲೆಕ್ಕ ಎಂದೋ ಮುಗಿದಿದೆ. ಈಗ ವಯಸ್ಸಿಗೆ ಬಂದಿರುವ ಆ ಮಕ್ಕಳಲ್ಲಿ ಕೆಲವರು ಸಂಘ ಕಟ್ಟಿಕೊಂಡು, ಸರ್ಕಾರವು ತಮ್ಮಲ್ಲಿ ಕ್ಷಮೆ ಬೇಡಬೇಕೆಂದು ಕೇಳುತ್ತಿದ್ದಾರೆ.